ವೇಸ್ಟ್‌ಗೇಟ್ ಪೈಪು ಟರ್ಬೋದಿಂದ ಬರಬೇಕೇ, ಮ್ಯಾನಿಫೋಲ್ಡ್‌ನಿಂದಲೇ?

ಪ್ರಶ್ನೆ: ನಮ್ಮದು ದಾವಣಗೆರೆ. ಆರು ಸಿಲಿಂಡರಿನ, ಇಂಟರ್‌ಕೂಲರ್ (ಟರ್ಬೋದ ಬಿಸಿ ಗಾಳಿಯನ್ನು ತಣಿಸುವ ರೇಡಿಯೇಟರ್) ಇರುವ, ಹಳೆಯ ಇನ್‌ಲೈನ್ ಪಂಪಿನ ಟಿಪ್ಪರೊಂದು ಚಿತ್ರದುರ್ಗದ ಕಡೆ ಅದಿರು, ಜಲ್ಲಿ ಸಾಗಿಸುತ್ತಿದೆ. ಟರ್ಬೋ ಕೆಟ್ಟಿದ್ದರಿಂದ ಬೇರೆಯದನ್ನು ಕೂರಿಸಿದೆವು. ಹಳೆಯ ಟರ್ಬೋದ ಗಾಳಿ ಕವರಿನ ಮೇಲೆ ಒಂದು ನಿಪ್ಪಲ್ ಇದ್ದು ಅಲ್ಲಿಂದ ಟರ್ಬೋದ ವೇಗದ ಮಿತಿ ಕಾಯುವ ವೇಸ್ಟ್‌ಗೇಟ್ ಡಬ್ಬಿಗೆ ಸಣ್ಣ ಪೈಪು ಹೋಗುತ್ತಿತ್ತು. ಹೊಸದರಲ್ಲಿ ಆ ನಿಪ್ಪಲ್ ಇಲ್ಲ. ಮೆಕ್ಯಾನಿಕ್ ಮ್ಯಾನಿಫೋಲ್ಡ್‌ನಿಂದ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಡೀಸೆಲ್ ಪಂಪಿನ ಬೂಸ್ಟ್ ಡಯಾಫ್ರಾಮ್‌ಗೆ (ಟರ್ಬೋ ಗಾಳಿಯ ಒತ್ತಡ ಅರಿಯುವ ಪೊರೆ) ಹೋಗುವ ಪೈಪಿಗೇ ಟೀ ಹಾಕಿ ವೇಸ್ಟ್‌ಗೇಟ್‌ಗೂ ಸಂಪರ್ಕ ಕೊಟ್ಟಿದ್ದಾರೆ. ಗಾಡಿ ಓಡುತ್ತಿದೆ, ಆದರೆ ಏರಿನಲ್ಲಿ ಟರ್ಬೋದ ಸಿಳ್ಳೆ ಮೊದಲಿಗಿಂತ ಜೋರಾಗಿದೆ, ಎಳೆತ ಮಾತ್ರ ಹೆಚ್ಚಿಲ್ಲ. ಇನ್ನೊಬ್ಬ ಮೆಕ್ಯಾನಿಕ್ ಪೈಪು ಟರ್ಬೋದಿಂದಲೇ ಬರಬೇಕು ಎನ್ನುತ್ತಾರೆ. ಎಲ್ಲಿಂದ ತೆಗೆದರೂ ಗಾಳಿ ಒಂದೇ ಅಲ್ಲವೇ?

ಉತ್ತರ: ನಿಮ್ಮ ಎರಡನೆಯ ಮೆಕ್ಯಾನಿಕ್ ಹೇಳಿದ್ದು ಸರಿ. ನಿಮ್ಮ ಎಂಜಿನ್ನಿನಲ್ಲಿ ವೇಸ್ಟ್‌ಗೇಟ್ ಪೈಪು ಟರ್ಬೋದ ಕಂಪ್ರೆಸರ್ ಹೊರದ್ವಾರದಿಂದ, ಅಂದರೆ ಗಾಳಿ ಇಂಟರ್‌ಕೂಲರ್‌ಗೆ ಹೋಗುವ ಮೊದಲೇ ಬರಬೇಕು. ಪಂಪಿನ ಬೂಸ್ಟ್ ಡಯಾಫ್ರಾಮ್‌ನ ಪೈಪು ಮ್ಯಾನಿಫೋಲ್ಡ್‌ನಿಂದಲೇ, ತನ್ನ ಪಾಡಿಗೆ ತಾನು ಬರಬೇಕು. ಎರಡನ್ನೂ ಒಂದೇ ಟೀಗೆ ಸೇರಿಸಬಾರದು. ಆದರೆ ಮೊದಲ ಮೆಕ್ಯಾನಿಕ್ ಮಾಡಿದ್ದು ತಿಳಿಯದವರ ಕೆಲಸ ಎಂದು ತಳ್ಳಿಹಾಕುವಂತೆಯೂ ಇಲ್ಲ, ಏಕೆಂದರೆ ಗಾಡಿ ನಿಲ್ಲದೆ ಓಡುವ ಮಟ್ಟಿಗೆ ಆ ಜೋಡಣೆ ಕೆಲಸ ಮಾಡುತ್ತದೆ, ಮತ್ತು ಅದರ ತೊಂದರೆ ಕಾಣಿಸಿಕೊಳ್ಳುವುದು ತಿಂಗಳುಗಳ ಮೇಲೆ, ಅದೂ ಬೇರೆ ಕಾಯಿಲೆಯ ವೇಷದಲ್ಲಿ.

ಗಾಳಿ ಒಂದೇ, ನಿಜ. ಒತ್ತಡ ಒಂದೇ ಅಲ್ಲ. ಡಬ್ಬಿಯೊಳಗೆ ಒಂದು ಡಯಾಫ್ರಾಮ್ ಮತ್ತು ಅದರ ಬೆನ್ನಿಗೆ ಒಂದು ಸ್ಪ್ರಿಂಗ್ ಇದೆ. ಪೈಪಿನಲ್ಲಿ ಬಂದ ಒತ್ತಡ ಸ್ಪ್ರಿಂಗಿನ ಬಲವನ್ನು ಮೀರಿದಾಗ ಕಡ್ಡಿ ಮುಂದಕ್ಕೆ ಸರಿದು, ಟರ್ಬೈನ್ ಪಕ್ಕದ ಸಣ್ಣ ಬಾಗಿಲು ತೆರೆಯುತ್ತದೆ, ಹೊಗೆಯ ಒಂದು ಪಾಲು ಟರ್ಬೈನ್ ಚಕ್ರವನ್ನು ತಿರುಗಿಸದೆ ನೇರವಾಗಿ ಸೈಲೆನ್ಸರ್ ಕಡೆಗೆ ಹೋಗುತ್ತದೆ. ಆ ಡಬ್ಬಿಗೆ ಎಂಜಿನ್ನಿನ ಬೇರಾವ ಸುದ್ದಿಯೂ ತಿಳಿಯದು. ತನ್ನ ಪೈಪಿನ ಬಾಯಿ ಎಲ್ಲಿದೆಯೋ ಅಲ್ಲಿಯ ಒತ್ತಡವನ್ನು ಮಾತ್ರ ಅದು ಬಲ್ಲದು, ಅದನ್ನು ಮಾತ್ರ ಕಾಯುತ್ತದೆ. ಹಾಗಾಗಿ ಪೈಪನ್ನು ಎಲ್ಲಿಗೆ ಸಿಕ್ಕಿಸಬೇಕು ಎಂಬ ಪ್ರಶ್ನೆಯೆಂದರೆ ಯಾವ ಜಾಗದ ಒತ್ತಡವನ್ನು ಮಿತಿಯಲ್ಲಿ ಇಡಬೇಕು ಎಂಬ ಪ್ರಶ್ನೆಯೇ. ಸೂಳೆಕೆರೆಯಂಥ ಕೆರೆಗೆ ಕೋಡಿ ಕಟ್ಟಿರುವುದು ಏರಿ ಒಡೆಯದಿರಲಿ ಎಂದು. ಕಾಲುವೆಯ ಕೊನೆಯ ಗದ್ದೆಗೆ ನೀರು ತಲುಪಿತೇ ಇಲ್ಲವೇ ಎಂದು ನೋಡಿಕೊಂಡು ಕೋಡಿ ಹರಿಯುವುದಿಲ್ಲ. ವೇಸ್ಟ್‌ಗೇಟ್‌ನ ಮೊದಲ ಕೆಲಸವೂ ಟರ್ಬೋ ತನ್ನ ವೇಗದ ಮಿತಿಯನ್ನು ದಾಟದಂತೆ ತಡೆಯುವುದು.

ಇದನ್ನು ಅಂಕಿಗಳಲ್ಲಿ ನೋಡೋಣ. ನಿಮ್ಮ ಡಬ್ಬಿಯ ಸ್ಪ್ರಿಂಗ್ 1.2 ಬಾರ್‌ಗೆ ತೆರೆಯುವಂಥದ್ದು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಗೇಜಿನಲ್ಲಿ ಕಾಣುವ ಈ 1.2 ಬಾರ್ ಹೊರಗಿನ ಗಾಳಿಯ ಒತ್ತಡಕ್ಕಿಂತ ಮೇಲಿನ ಅಳತೆ. ಸಮುದ್ರಮಟ್ಟದಲ್ಲಿ ಹೊರಗಿನ ಒತ್ತಡ ಸುಮಾರು 1.01 ಬಾರ್, ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿರುವ ಚಿತ್ರದುರ್ಗದಲ್ಲಿ ಅದು ಸುಮಾರು 0.93 ಬಾರ್. ಟರ್ಬೋಗೆ ಆಗುವ ಶ್ರಮವನ್ನು ನಿರ್ಧರಿಸುವುದು ಗೇಜಿನ ಅಂಕಿಯಲ್ಲ, ಒಳಬರುವ ಗಾಳಿಯ ಒತ್ತಡವನ್ನು ಅದು ಎಷ್ಟು ಪಟ್ಟು ಹೆಚ್ಚಿಸಬೇಕು ಎಂಬುದು. ಮಂಗಳೂರಿನಲ್ಲಿ ಅದು 1.01ರಿಂದ 2.21ಕ್ಕೆ ಏರಿಸಬೇಕು, ಅಂದರೆ ಸುಮಾರು 2.19 ಪಟ್ಟು. ಚಿತ್ರದುರ್ಗದಲ್ಲಿ 0.93ರಿಂದ 2.13ಕ್ಕೆ, ಅಂದರೆ 2.29 ಪಟ್ಟು. ಅದಿರಿನ ಕೆಂಪು ಧೂಳಿನಿಂದ ಏರ್ ಫಿಲ್ಟರ್ ಅರ್ಧ ಕಟ್ಟಿಕೊಂಡು ಅಲ್ಲೇ 0.06 ಬಾರ್ ನಷ್ಟವಾದರೆ ಟರ್ಬೋದ ಬಾಯಿಗೆ ಸಿಗುವುದು 0.87 ಮಾತ್ರ, ಆಗ ಪಟ್ಟು 2.45ಕ್ಕೆ ಹೋಗುತ್ತದೆ. ಇಷ್ಟೆಲ್ಲ ಪೈಪು ಟರ್ಬೋದ ಹೊರದ್ವಾರದಲ್ಲೇ ಇದ್ದಾಗಿನ ಲೆಕ್ಕ.

ಈಗ ಪೈಪನ್ನು ಮ್ಯಾನಿಫೋಲ್ಡ್‌ಗೆ ಸರಿಸಿ. ಇಂಟರ್‌ಕೂಲರ್ ಮತ್ತು ಅದರ ಹೋಸ್‌ಗಳನ್ನು ದಾಟುವಾಗ ಗಾಳಿ ಒಂದಿಷ್ಟು ಒತ್ತಡ ಕಳೆದುಕೊಳ್ಳುತ್ತದೆ. ಪೂರ್ಣ ಭಾರದಲ್ಲಿ 0.05ರಿಂದ 0.15 ಬಾರ್ ನಷ್ಟವಾಗುವುದು ಸಾಮಾನ್ಯ, ಒಳಗೆ ಆಯಿಲ್ ಜಿಡ್ಡು ಕಟ್ಟಿದ್ದರೆ ಇನ್ನೂ ಹೆಚ್ಚು. 0.12 ಎಂದು ಹಿಡಿಯೋಣ. ಈಗ ಡಬ್ಬಿ ಮ್ಯಾನಿಫೋಲ್ಡ್‌ನಲ್ಲಿ 1.2 ಬಾರ್ ಬರುವವರೆಗೆ ಬಾಗಿಲು ತೆರೆಯುವುದಿಲ್ಲ, ಆ ಹೊತ್ತಿಗೆ ಟರ್ಬೋದ ಹೊರದ್ವಾರದಲ್ಲಿ 1.32 ಬಾರ್ ಇರುತ್ತದೆ, ಫಿಲ್ಟರ್ ಕಟ್ಟಿಕೊಂಡಾಗಿನ ಅದೇ 0.87ರ ಲೆಕ್ಕದಲ್ಲಿ ಪಟ್ಟು 2.59ರ ಹತ್ತಿರ. ನಿಮಗೆ ಕೇಳಿಸುತ್ತಿರುವ ಜೋರು ಸಿಳ್ಳೆಯ ಒಂದು ಕಾರಣ ಇದು. ಟರ್ಬೋದ ಶಾಫ್ಟ್ ಪೂರ್ಣ ಭಾರದಲ್ಲಿ ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಿರುತ್ತದೆ, ಮತ್ತು ಅದರ ಚಕ್ರವನ್ನು ಹೊರಕ್ಕೆ ಸೀಳಲು ನೋಡುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಶೇ 10ರಷ್ಟು ಹೆಚ್ಚಿದರೆ ಆ ಬಲ ಶೇ 21ರಷ್ಟು ಹೆಚ್ಚುತ್ತದೆ. ಫಿಲ್ಟರ್ ಹೊಸದಾಗಿದ್ದು ಇಂಟರ್‌ಕೂಲರ್ ಶುಚಿಯಾಗಿದ್ದರೆ ಇದನ್ನು ಟರ್ಬೋ ತಾಳಿಕೊಳ್ಳುತ್ತದೆ. ನಮ್ಮ ಕಡೆಯ ಟಿಪ್ಪರ್‌ಗಳಲ್ಲಿ ಅವೆರಡೂ ಒಟ್ಟಿಗೆ ಶುಚಿಯಾಗಿರುವ ದಿನ ಅಪರೂಪ ಎನ್ನುವುದು ನಿಮಗೇ ಗೊತ್ತು.

ಸಿಳ್ಳೆ ಹೆಚ್ಚಾದರೂ ಎಳೆತ ಏಕೆ ಹೆಚ್ಚಲಿಲ್ಲ ಎಂದು ಕೇಳಬಹುದು. ಪೆಟ್ರೋಲ್ ಎಂಜಿನ್ನಿನ ಹಾಗೆ ಇಲ್ಲಿ ಗಾಳಿ ಹೆಚ್ಚಿದ ಕೂಡಲೇ ಇಂಧನ ಹೆಚ್ಚುವುದಿಲ್ಲ. ಪಂಪಿನ ಬೂಸ್ಟ್ ಡಯಾಫ್ರಾಮ್ ಒಂದು ಹಂತದವರೆಗೆ ಮಾತ್ರ ಡೀಸೆಲ್ ಅಳತೆ ಹೆಚ್ಚಿಸುವ ರ‍್ಯಾಕ್‌ಗೆ ದಾರಿ ಬಿಡುತ್ತದೆ. ಅದರ ಪೂರ್ಣ ಚಲನೆ ಮುಗಿದ ಮೇಲೆ ಬೂಸ್ಟ್ ಎಷ್ಟೇ ಏರಿದರೂ ಡೀಸೆಲ್ ಅಷ್ಟೇ. ಪಿಕಪ್ ಬರಲಿ ಎಂದು ವೇಸ್ಟ್‌ಗೇಟ್ ಪೈಪನ್ನು ಕಿತ್ತು ಮೊಳೆಯಿಂದ ಬಾಯಿ ಮುಚ್ಚುವ ಡ್ರೈವರ್‌ಗಳಿದ್ದಾರೆ. ಈ ಬಗೆಯ ಎಂಜಿನ್ನಿನಲ್ಲಿ ಅದರಿಂದ ದಕ್ಕುವುದು ಸದ್ದು ಮಾತ್ರ, ಹೋಗುವುದು ಬೇರಿಂಗ್ ಮತ್ತು ಕೆಲವೊಮ್ಮೆ ಹೆಡ್ ಗ್ಯಾಸ್ಕೆಟ್.

ಮ್ಯಾನಿಫೋಲ್ಡ್‌ನಿಂದ ಪೈಪು ತೆಗೆಯುವುದರಲ್ಲಿ ಇನ್ನೊಂದು ಕೆಡುಕಿದೆ. ನನ್ನ ದೃಷ್ಟಿಯಲ್ಲಿ ಅದು 0.12 ಬಾರ್‌ಗಿಂತ ದೊಡ್ಡದು. ಇಂಟರ್‌ಕೂಲರ್‌ನ ಮೂಲೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿದೆ ಅಥವಾ ಹೋಸಿನ ಕ್ಲಿಪ್ ಸಡಿಲವಾಗಿದೆ ಎನ್ನಿ. ಪೈಪು ಟರ್ಬೋದ ಹೊರದ್ವಾರದಲ್ಲಿದ್ದರೆ ಡಬ್ಬಿ ಅಲ್ಲಿಯ ಒತ್ತಡವನ್ನೇ ನೋಡಿ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯುತ್ತದೆ, ಮ್ಯಾನಿಫೋಲ್ಡ್‌ಗೆ ಗಾಳಿ ಕಡಿಮೆಯಾಗುತ್ತದೆ, ಎಳೆತ ಕುಗ್ಗುತ್ತದೆ, ಡ್ರೈವರ್ ಬಂದು ಗಾಡಿ ಎಳೆಯುತ್ತಿಲ್ಲ ಎನ್ನುತ್ತಾನೆ, ನೀವು ಬಿರುಕು ಹುಡುಕುತ್ತೀರಿ. ಪೈಪು ಮ್ಯಾನಿಫೋಲ್ಡ್‌ನಲ್ಲಿದ್ದರೆ ಸೋರಿದಷ್ಟನ್ನೂ ತುಂಬಿಕೊಡಲು ಟರ್ಬೋ ಹೆಚ್ಚು ಹೆಚ್ಚು ವೇಗವಾಗಿ ತಿರುಗುತ್ತದೆ, ಎಳೆತ ಮೊದಲಿನಂತೆಯೇ ಇರುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ, ಕೊನೆಗೆ ಟರ್ಬೋ ಹೋದಾಗ ಮಾಲು ಸರಿಯಿರಲಿಲ್ಲ ಎಂದು ಅಂಗಡಿಯವನ ಮೇಲೆ ತಪ್ಪು ಬೀಳುತ್ತದೆ. ಹೋಸೇ ಪೂರ್ತಿ ಕಳಚಿಬಿದ್ದರೆ ಮಾತ್ರ ಎರಡು ಜೋಡಣೆಗೂ ಹೆಚ್ಚು ವ್ಯತ್ಯಾಸವಿಲ್ಲ; ಆಗ ಒತ್ತಡ ಎಲ್ಲಿಯೂ ಉಳಿಯುವುದಿಲ್ಲ, ಎಳೆತ ಸತ್ತುಹೋಗಿ ಗಾಡಿ ತಾನಾಗಿ ದೂರು ಹೇಳುತ್ತದೆ.

ಇನ್ನು ಆ ಟೀ. ಪಂಪಿನ ಬೂಸ್ಟ್ ಡಯಾಫ್ರಾಮ್ ತಿಳಿಯಬೇಕಾದುದು ಸಿಲಿಂಡರಿಗೆ ನಿಜವಾಗಿ ಎಷ್ಟು ಗಾಳಿ ತಲುಪುತ್ತಿದೆ ಎಂಬುದನ್ನು, ಏಕೆಂದರೆ ಗಾಳಿಗೆ ತಕ್ಕಷ್ಟೇ ಡೀಸೆಲ್ ಬಿಟ್ಟು ಕಪ್ಪು ಹೊಗೆ ತಡೆಯುವುದು ಅದರ ಕೆಲಸ. ಅದಕ್ಕೆ ಮ್ಯಾನಿಫೋಲ್ಡ್ ಸರಿಯಾದ ಜಾಗ. ವೇಸ್ಟ್‌ಗೇಟ್ ತಿಳಿಯಬೇಕಾದುದು ಟರ್ಬೋ ಎಷ್ಟು ದುಡಿಯುತ್ತಿದೆ ಎಂಬುದನ್ನು. ಎರಡರ ಪ್ರಶ್ನೆಯೇ ಬೇರೆಯಾಗಿರುವಾಗ ಒಂದೇ ಪೈಪಿನಿಂದ ಇಬ್ಬರಿಗೂ ಉತ್ತರ ಕೊಡಿಸಿದರೆ ಒಬ್ಬರ ರೋಗ ಇನ್ನೊಬ್ಬರಿಗೆ ಅಂಟುತ್ತದೆ. ವೇಸ್ಟ್‌ಗೇಟ್ ಡಬ್ಬಿ ಸುಡುವ ಟರ್ಬೈನ್ ಕವರಿನ ಪಕ್ಕದಲ್ಲೇ ಇರುವುದರಿಂದ ಅದರ ರಬ್ಬರ್ ಡಯಾಫ್ರಾಮ್ ಒಂದು ದಿನ ಒಣಗಿ ಬಿರುಕು ಬಿಡುವುದು ಸಹಜ. ಹಾಗಾದಾಗ ಟೀ ಇರುವ ಗಾಡಿಯಲ್ಲಿ ಗಾಳಿ ಆ ಬಿರುಕಿನಿಂದ ಸೋರಿ, ಸಣ್ಣ ಪೈಪಿನಲ್ಲಿ ಒತ್ತಡ ಕುಸಿದು, ಪಂಪು ಗಾಳಿ ಇಲ್ಲವೆಂದು ಭಾವಿಸಿ ಡೀಸೆಲ್ ಕಡಿತ ಮಾಡುತ್ತದೆ. ಗಾಡಿ ಎಳೆಯುವುದಿಲ್ಲ, ಹೊಗೆಯೂ ಇಲ್ಲ. ಇಂಥ ಗಾಡಿ ನೇರವಾಗಿ ಹೋಗುವುದು ಪಂಪ್ ಕ್ಯಾಲಿಬ್ರೇಷನ್ ಅಂಗಡಿಗೆ. ಅಲ್ಲಿ ಪಂಪು ಬಿಚ್ಚಿ, ಬೆಂಚಿಗೆ ಏರಿಸಿ, ಎಲ್ಲ ಸರಿಯಿದೆ ಎಂದು ತಿಳಿದ ಮೇಲೂ ಕೂಲಿ ಕೊಡಬೇಕಾಗುತ್ತದೆ.

ನಿಪ್ಪಲ್ ಇಲ್ಲದ ಟರ್ಬೋಗೆ ಈಗ ಏನು ಮಾಡಬೇಕು ಎನ್ನುವುದಕ್ಕೆ ಎರಡು ದಾರಿಗಳಿವೆ. ಟರ್ಬೋದಿಂದ ಇಂಟರ್‌ಕೂಲರ್‌ಗೆ ಹೋಗುವ ಕಬ್ಬಿಣದ ಅಥವಾ ಅಲ್ಯೂಮಿನಿಯಂ ಪೈಪಿನ ಮೊದಲ ನೇರ ಭಾಗದಲ್ಲಿ ಒಂದು ಸಣ್ಣ ಬಾಸ್ (ನಿಪ್ಪಲ್ ಕೂರಲು ದಪ್ಪ ಲೋಹದ ಬಿಲ್ಲೆ) ವೆಲ್ಡ್ ಮಾಡಿಸಿ ಅದರಲ್ಲಿ ನಿಪ್ಪಲ್ ಕೂರಿಸುವುದು ಮೊದಲನೆಯದು. ನಾನು ಇದನ್ನೇ ಹೇಳುತ್ತೇನೆ, ಏಕೆಂದರೆ ಕೆಲಸ ಕೆಟ್ಟರೂ ಕೆಡುವುದು ಪೈಪು ಮಾತ್ರ. ಕಂಪ್ರೆಸರ್ ಕವರಿನಲ್ಲೇ ರಂಧ್ರ ಕೊರೆದು ತಿರುಪಿನ ಮರೆ (ಥ್ರೆಡ್) ಹಾಕುವುದು ಎರಡನೆಯದು. ಹಾಗೆ ಮಾಡುವುದಾದರೆ ಕವರನ್ನು ಟರ್ಬೋದಿಂದ ಬಿಚ್ಚಿ ಬೆಂಚಿನ ಮೇಲಿಟ್ಟೇ ಕೊರೆಯಬೇಕು. ಕವರ್ ಗಾಡಿಯಲ್ಲಿ ಇರುವಾಗಲೇ, ಗ್ರೀಸ್ ಹಚ್ಚಿದ ಡ್ರಿಲ್ ಬಿಟ್ ಪುಡಿ ಹಿಡಿಯುತ್ತದೆ ಎಂದು ನಂಬಿ ಕೊರೆಯುವವರ ಮಾತು ಕೇಳಬೇಡಿ. ಒಂದು ಅಲ್ಯೂಮಿನಿಯಂ ಸಿಪ್ಪೆ ಒಳಗೆ ಉಳಿದರೂ ಅದರ ಮುಂದಿನ ನಿಲ್ದಾಣ ಇಂಟರ್‌ಕೂಲರ್, ಆಮೇಲೆ ಸಿಲಿಂಡರ್. ರಂಧ್ರ ಹೊರದ್ವಾರದ ನೇರ ಕುತ್ತಿಗೆಯಲ್ಲಿ ಇರಬೇಕು. ಬಸವನಹುಳುವಿನಂತೆ ಸುತ್ತಿರುವ ಭಾಗದಲ್ಲಿ ಚಕ್ರಕ್ಕೆ ಹತ್ತಿರ ಕೊರೆದರೆ ಅಲ್ಲಿ ಗಾಳಿಯ ವೇಗ ಇನ್ನೂ ಹೆಚ್ಚಿದ್ದು ಗೋಡೆಯ ಮೇಲಿನ ಒತ್ತಡ ಕಡಿಮೆ ಕಾಣುತ್ತದೆ. ಹಾಗೆಯೇ ಪೈಪಿನ ಬಾಗಿನಲ್ಲೂ ಬೇಡ: ಬಾಗಿನ ಹೊರಗೋಡೆ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ, ಒಳಗೋಡೆ ಕಡಿಮೆ.

ನಿಪ್ಪಲ್‌ನ ತುದಿ ಒಳಗೋಡೆಗೆ ಸಮನಾಗಿ, ಗಾಳಿಯ ದಾರಿಗೆ ಅಡ್ಡಲಾಗಿ ನಿಲ್ಲಬೇಕು, ಒಳಗೆ ಮೂತಿ ಚಾಚಿರಬಾರದು. ಇದು ಚಿಕ್ಕ ವಿಷಯವೆಂದು ತೋರಬಹುದು, ಆದರೆ ಲೆಕ್ಕ ಬೇರೆ ಹೇಳುತ್ತದೆ. ಆ ಕುತ್ತಿಗೆಯಲ್ಲಿ ಗಾಳಿ ಸೆಕೆಂಡಿಗೆ 80 ಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಆ ವೇಗದಲ್ಲೇ ಅಡಗಿರುವ ಒತ್ತಡ ಸುಮಾರು 0.06 ಬಾರ್. ಚಾಚಿದ ಮೂತಿ ಗಾಳಿ ಬರುವ ಕಡೆಗೆ ಓರೆಯಾಗಿದ್ದರೆ ಡಬ್ಬಿಗೆ ಅಷ್ಟು ಹೆಚ್ಚು ಕಾಣಬಹುದು, ಹಿಂದಕ್ಕೆ ಓರೆಯಾಗಿದ್ದರೆ ಕಡಿಮೆ ಕಾಣುತ್ತದೆ. ಕೊರೆದ ಅಂಚಿನ ಮುಳ್ಳನ್ನು ಸವರದೆ ಬಿಟ್ಟರೂ ಅಂಥದ್ದೇ ಏರುಪೇರು. ನಿಪ್ಪಲ್ ಪೈಪಿನ ಮೇಲ್ಭಾಗದಲ್ಲಿರಲಿ, ತಳದಲ್ಲಿ ಬೇಡ, ಏಕೆಂದರೆ ಟರ್ಬೋದಿಂದ ತೇಲಿಬರುವ ಆಯಿಲ್ ತಳದಲ್ಲಿ ನಿಂತು ಸಣ್ಣ ಪೈಪಿಗೆ ಇಳಿಯುತ್ತದೆ. ಹಿತ್ತಾಳೆಯ ಒಂದು ನಿಪ್ಪಲ್ ತಿರುವಿಸುವುದು ಲೇತ್‌ನವರಿಗೆ ಅರ್ಧ ಗಂಟೆಯ ಕೆಲಸ. ಮೈಸೂರು ಕಿರ್ಲೋಸ್ಕರ್ ಲೇತ್‌ಗಳು ತಯಾರಾಗುತ್ತಿದ್ದ ಹರಿಹರ ಪಕ್ಕದಲ್ಲೇ ಇರುವಾಗ ಒಳ್ಳೆಯ ಟರ್ನರ್‌ಗೆ ನೀವು ದೂರ ಅಲೆಯಬೇಕಿಲ್ಲ. ರಂಧ್ರದ ಒಳ ಅಳತೆ 3ರಿಂದ 4 ಮಿಲಿಮೀಟರ್ ಸಾಕು.

ಪೈಪಿನ ವಿಷಯದಲ್ಲಿ ಬಿಸಿಯನ್ನು ಮರೆಯಬಾರದು. ಬೇಸಿಗೆಯ 35 ಡಿಗ್ರಿಯ ಗಾಳಿಯನ್ನು 2.29 ಪಟ್ಟು ಒತ್ತಿದರೆ ಕಂಪ್ರೆಸರ್‌ನಿಂದ ಹೊರಬರುವಾಗ ಅದು 150 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕೂಲೆಂಟ್ ಅಥವಾ ಡೀಸೆಲ್ ರಿಟರ್ನ್‌ಗೆ ಬಳಸುವ ಮಾಮೂಲಿ ರಬ್ಬರ್ ಹೋಸ್ ಇಲ್ಲಿ ಒಂದು ಬೇಸಿಗೆಯೂ ಬಾಳುವುದಿಲ್ಲ. ಬಣ್ಣದ ಸಿಲಿಕಾನ್ ಹೋಸ್ ಬಿಸಿ ತಾಳುತ್ತದೆ, ಆದರೆ ಆಯಿಲ್ ಆವಿಗೆ ಉಬ್ಬಿ ಮೆತ್ತಗಾಗುತ್ತದೆ. ಒಳಪದರ ಬೇರೆ ಇರುವಂಥದ್ದಾದರೆ ಮಾತ್ರ ತೆಗೆದುಕೊಳ್ಳಿ. ನಿಮ್ಮಂಥ ಭಾರಿ ಗಾಡಿಗೆ ಉಕ್ಕಿನ ಸಣ್ಣ ಪೈಪು, ಎರಡು ತುದಿಗೂ ಫ್ಲೇರ್ ನಟ್, ಡಬ್ಬಿಯ ಹತ್ತಿರ ಮಾತ್ರ ಗೇಣುದ್ದದ ಹೋಸ್ ಎನ್ನುವುದು ನನಗೆ ತೃಪ್ತಿ ಕೊಡುವ ಜೋಡಣೆ. ತಾಮ್ರದ ಪೈಪು ಬಗ್ಗಿಸಲು ಸುಲಭ ಎಂದು ಹಲವರು ಹಾಕುತ್ತಾರೆ. ಅಲುಗಾಟಕ್ಕೆ ಅದು ದಿನೇ ದಿನೇ ಗಡಸಾಗಿ ನಟ್‌ನ ಬುಡದಲ್ಲೇ ಸೀಳುತ್ತದೆ. ಪೈಪು ಎಲ್ಲಿಯೂ ತಗ್ಗಿ ಜೋತುಬೀಳದಿರಲಿ, ಟರ್ಬೈನ್ ಕವರಿನಿಂದ ಸಾಧ್ಯವಾದಷ್ಟು ದೂರ ಹಾದುಹೋಗಲಿ.

ಜೋಡಿಸುವ ಮೊದಲು ಡಬ್ಬಿಯನ್ನು ಪರೀಕ್ಷಿಸಿ. ವರ್ಕ್‌ಶಾಪಿನ ಕಂಪ್ರೆಸರ್ ಗನ್ನನ್ನು ನೇರವಾಗಿ ಹಿಡಿಯಬಾರದು. 8 ಬಾರ್ ಗಾಳಿ ಆ ತೆಳು ಡಯಾಫ್ರಾಮನ್ನು ಕ್ಷಣದಲ್ಲಿ ಸೀಳುತ್ತದೆ. ಗೇಜ್ ಇರುವ ಸೈಕಲ್ ಪಂಪು ಇದಕ್ಕೆ ಸಾಕು. ನಿಧಾನವಾಗಿ ಒತ್ತುತ್ತ ಹೋಗಿ, ಕಡ್ಡಿ ಮೊದಲು ಕದಲಿದ ಅಂಕಿಯನ್ನು ಗುರುತು ಮಾಡಿಕೊಳ್ಳಿ, ಅದಕ್ಕಿಂತ ಸ್ವಲ್ಪ ಮೇಲೆ ನಿಲ್ಲಿಸಿ ಒಂದು ನಿಮಿಷ ಮುಳ್ಳು ಇಳಿಯುತ್ತದೆಯೇ ನೋಡಿ. ಇಳಿದರೆ ಡಯಾಫ್ರಾಮ್ ಸೋರುತ್ತಿದೆ. ನಿಮ್ಮದು ಬೇರೆ ಟರ್ಬೋ ಆಗಿರುವುದರಿಂದ ಈ ಅಂಕಿ ಹಳೆಯ ಟರ್ಬೋದ್ದಕ್ಕೆ ಹೊಂದುತ್ತದೆಯೇ ಎಂಬುದು ಪೈಪಿನ ಜಾಗಕ್ಕಿಂತ ಮುಖ್ಯವಾಗಬಹುದು. ಕವರಿನಲ್ಲಿ ನಿಪ್ಪಲ್ಲೇ ಇಲ್ಲದ ಟರ್ಬೋ ಬೇರೆ ಎಂಜಿನ್ನಿಗಾಗಿ ಮಾಡಿದ್ದಾಗಿರುವ ಸಂಭವವಿದೆ, ಪ್ಲೇಟಿನ ಮೇಲಿನ ನಂಬರನ್ನು ಹಳೆಯದರ ಜೊತೆ ಹೋಲಿಸಿ ನೋಡಿ. ಹೊಂದದಿದ್ದರೆ ಕಡ್ಡಿಯ ಲಾಕ್ ನಟ್ ತಿರುವಿ ಸರಿಮಾಡುತ್ತೇನೆ ಎನ್ನುವವರು ಸಿಗುತ್ತಾರೆ. ಗೇಜ್ ಇಲ್ಲದೆ ಅದನ್ನು ಮುಟ್ಟಲು ಬಿಡಬೇಡಿ.

ಇಂಟರ್‌ಕೂಲರ್‌ನ ನಷ್ಟ ನಿಮ್ಮ ಗಾಡಿಯಲ್ಲಿ ಎಷ್ಟಿದೆ ಎಂದು ಅಳೆಯುವುದೂ ಕಷ್ಟವಲ್ಲ. ಹೊಸ ನಿಪ್ಪಲ್ ಬಳಿ ಒಂದು ಗೇಜ್, ಮ್ಯಾನಿಫೋಲ್ಡ್‌ನಲ್ಲಿ ಇನ್ನೊಂದು ಗೇಜ್ ತಾತ್ಕಾಲಿಕವಾಗಿ ಸೇರಿಸಿ, ಲೋಡ್ ಹೊತ್ತ ಗಾಡಿಯನ್ನು ಹೆದ್ದಾರಿ 48ರಲ್ಲಿ ಚಿತ್ರದುರ್ಗದ ಕಡೆಗೆ ಏರಿನಲ್ಲಿ ಪೂರ್ಣ ಆಕ್ಸಿಲರೇಟರ್ ಕೊಟ್ಟು ಓಡಿಸಿ. ಪಕ್ಕದಲ್ಲಿ ಕೂತವರು ಎರಡೂ ಮುಳ್ಳುಗಳನ್ನು ಬರೆದುಕೊಳ್ಳಲಿ. ನಿಂತಲ್ಲೇ ರೇಸ್ ಮಾಡಿದರೆ ಬೂಸ್ಟ್ ಏರುವುದಿಲ್ಲ, ಆ ಅಂಕಿಗೆ ಬೆಲೆಯಿಲ್ಲ. ವ್ಯತ್ಯಾಸ 0.15 ಬಾರ್ ದಾಟಿದರೆ ಇಂಟರ್‌ಕೂಲರನ್ನು ಬಿಚ್ಚಿ ಒಳಗಿನಿಂದ ತೊಳೆಸಿ. ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ಹೊಟ್ಟು ಹೊರಗಿನ ರೆಕ್ಕೆಗಳಿಗೆ ಕಟ್ಟಿಕೊಳ್ಳುವುದು ಬೇರೆ ತೊಂದರೆ. ಅದು ಗಾಳಿ ತಣ್ಣಗಾಗದಂತೆ ಮಾಡುತ್ತದೆಯೇ ಹೊರತು ಈ ಎರಡು ಗೇಜುಗಳ ಅಂತರವನ್ನು ಹೇಳಿಕೊಳ್ಳುವಷ್ಟು ಹೆಚ್ಚಿಸುವುದಿಲ್ಲ.

ಈ ಸಲಹೆ ಎಲ್ಲ ಗಾಡಿಗೂ ಅಲ್ಲ. ಹೊಸ ಕಾಮನ್ ರೈಲ್ ಗಾಡಿಗಳಲ್ಲಿ ಡಬ್ಬಿ ಮತ್ತು ಟರ್ಬೋ ನಡುವೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹೇಳಿದಂತೆ ನಡೆಯುವ ಸೊಲೆನಾಯ್ಡ್ (ವಿದ್ಯುತ್ ಕವಾಟ) ಇರಬಹುದು, ಇನ್ನು ಕೆಲವದರಲ್ಲಿ ಡಬ್ಬಿಗೆ ಹೋಗುವುದು ಒತ್ತಡವಲ್ಲ, ವ್ಯಾಕ್ಯೂಮ್ ಪಂಪಿನ ಎಳೆತ. ಅಂಥ ಪೈಪನ್ನು ನಮ್ಮ ಲೆಕ್ಕದಿಂದ ಸ್ಥಳಾಂತರಿಸಿದರೆ ಎಂಜಿನ್ ಲೈಟ್ ಉರಿಯುತ್ತದೆ. ಪೆಟ್ರೋಲ್ ಟರ್ಬೋ ಕಾರುಗಳಲ್ಲಿ ಥ್ರಾಟಲ್ (ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ) ಮಧ್ಯೆ ಬರುವುದರಿಂದ ಮ್ಯಾನಿಫೋಲ್ಡ್ ಇನ್ನೂ ಕೆಟ್ಟ ಜಾಗ. ಅರ್ಧ ಆಕ್ಸಿಲರೇಟರ್‌ನಲ್ಲಿ ಥ್ರಾಟಲ್‌ನ ಹಿಂದೆ ಒತ್ತಡ ತುಂಬಿದ್ದರೂ ಮುಂದೆ ಏನೂ ಇರುವುದಿಲ್ಲ, ಬಾಗಿಲು ಮುಚ್ಚಿಯೇ ಇರುತ್ತದೆ, ಟರ್ಬೋ ಮುಚ್ಚಿದ ತಟ್ಟೆಗೆ ಗಾಳಿ ಒತ್ತುತ್ತ ಇಂಧನ ತಿನ್ನುತ್ತದೆ. ಪಿಕಪ್ ಚುರುಕಾಗುತ್ತದೆ ಎಂದು ರೇಸಿಂಗ್ ಹುಡುಗರು ಕೆಲವೊಮ್ಮೆ ಬೇಕೆಂದೇ ಹಾಗೆ ಮಾಡುತ್ತಾರೆ. ದಿನಬಳಕೆಯ ಕಾರಿಗೆ ಅದು ಬೇಡ. ನಿಮ್ಮ ಹಳೆಯ ಡೀಸೆಲ್‌ನಲ್ಲಿ ಥ್ರಾಟಲ್ ಇಲ್ಲದ್ದರಿಂದ ಈ ಚಿಂತೆ ಇಲ್ಲ.

ಹೊಸ ನಿಪ್ಪಲ್ ಕೂರಿಸಿದ ಮೇಲೆ ಮ್ಯಾನಿಫೋಲ್ಡ್ ಪೈಪಿನಲ್ಲಿರುವ ಟೀಯನ್ನು ಬೋಲ್ಟ್ ತುರುಕಿ ಹಾಗೆಯೇ ಬಿಡಬೇಡಿ. ಅದನ್ನು ಪೂರ್ತಿ ತೆಗೆದು, ಮ್ಯಾನಿಫೋಲ್ಡ್‌ನಿಂದ ಪಂಪಿನ ಡಯಾಫ್ರಾಮ್‌ವರೆಗೆ ಒಂದೇ ಅಖಂಡ ಪೈಪು ಹಾಕಿಸಿ, ಮೊದಲ ಲೋಡ್ ಇಳಿಸಿ ಬಂದ ದಿನ ಎಂಜಿನ್ ಆಡುತ್ತಿರುವಾಗಲೇ ಎಲ್ಲ ನಟ್‌ಗಳ ಮೇಲೂ ಸಾಬೂನು ನೀರು ಸವರಿ, ಒಬ್ಬರು ಕ್ಲಚ್ ಮೇಲೆ ಸ್ವಲ್ಪ ಭಾರ ಕೊಟ್ಟು ಹಿಡಿದಿರುವಾಗ ಇನ್ನೊಬ್ಬರು ದೂರ ನಿಂತು ಗುಳ್ಳೆ ಏಳುತ್ತದೆಯೇ ನೋಡಲಿ. ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟಿರಲಿ, ಗಾಡಿಯ ಮುಂದೆ ಯಾರೂ ನಿಲ್ಲದಿರಲಿ.